ಇವೇ ಚಿನ್ನದ ದಿನಗಳಾದರೆ?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಪರೀಕ್ಷೆಯ ವೇಳಾಪಟ್ಟಿ, ಹೊಸ ಗಣಿತ ಮೇಷ್ಟರ ಕೋಪ, ಸೆಕ್ಷನ್ ಬದಲಾದದ್ದು, ಎಲ್ಲವೂ ಇತ್ತು. ಅವಕ್ಕೆಲ್ಲ ನಿಧಾನವಾಗಿ ಉತ್ತರ ಬರೆಯುತ್ತೇನೆ. ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಚಿಕ್ಕ ಅಕ್ಷರಗಳಲ್ಲಿ ಎರಡು ಸಾಲು ತುರುಕಿದ್ದೀಯಲ್ಲ, ಅವು ನನ್ನನ್ನು ಬಿಡುತ್ತಿಲ್ಲ. "ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾತಾಡಿದವರೆಲ್ಲ ಹೈಸ್ಕೂಲಿನ ದಿನಗಳೇ ಬದುಕಿನ ಚಿನ್ನದ ದಿನಗಳು ಎಂದರು. ಚಿನ್ನದ ದಿನಗಳೇ ಹೀಗಿದ್ದರೆ ಮುಂದಿನವು ಹೇಗಿರುತ್ತವೆ ದೊಡ್ಡಮ್ಮ?"

ತಮಾಷೆಗೆ ಬರೆದಿರಬೇಕು ಎಂದುಕೊಂಡೆ. ಇನ್ನೊಮ್ಮೆ ಓದಿದಾಗ ಹಾಗೆನಿಸಲಿಲ್ಲ. ತಮಾಷೆ ಮಾಡುವಾಗ ನಿನ್ನ ಅಕ್ಷರ ದೊಡ್ಡದಾಗುತ್ತದೆ.

ಆ ವೇದಿಕೆಯ ಮೇಲೆ ನಿಂತವರು ಸುಳ್ಳು ಹೇಳಿದರು ಎನ್ನಲಾರೆ. ಅವರು ಹೇಳಿದ್ದು ತಮ್ಮ ನೆನಪನ್ನು, ಆ ದಿನಗಳನ್ನಲ್ಲ. ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ತರಗತಿಯಲ್ಲಿ ಪಾಠ ಮಾಡಿಯೇ ನನ್ನ ಹೊಟ್ಟೆಪಾಡು ನಡೆಯಿತು, ನಿನಗೆ ಗೊತ್ತು. ನಿವೃತ್ತಿಯಾದರೂ ಚಾಳಿ ಹೋಗಿಲ್ಲ, ಸ್ವಲ್ಪ ಸಹಿಸಿಕೋ. ವಯಸ್ಸಾದವರನ್ನು ಕೂರಿಸಿ ಬದುಕಿನ ಘಟನೆಗಳನ್ನು ಹೇಳಿ ಎಂದರೆ, ಇತ್ತೀಚಿನವನ್ನು ಬಿಟ್ಟು ಅವರು ಹೆಚ್ಚಾಗಿ ಹೆಕ್ಕುವುದು ಸುಮಾರು 10ರಿಂದ 30ರ ವಯಸ್ಸಿನೊಳಗೆ ಆದದ್ದನ್ನು. ಮನಃಶಾಸ್ತ್ರಜ್ಞ ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಇದನ್ನು ವಿವರಿಸಿದರು; ಆಮೇಲೆ ಎಷ್ಟೋ ಅಧ್ಯಯನಗಳಲ್ಲಿ ಇದೇ ಕಂಡುಬಂದಿದೆ. ಮೊದಲ ಸಲ ಆಗುವ ಸಂಗತಿಗಳು ಆ ವಯಸ್ಸಿನಲ್ಲಿ ಹೆಚ್ಚು ಎಂಬುದು ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು. ಅಂತೂ ನೆನಪು ಅಲ್ಲಿ ದಟ್ಟವಾಗಿರುತ್ತದೆ. ದಟ್ಟವಾಗಿದೆ ಎಂದ ಮಾತ್ರಕ್ಕೆ ಅದು ಸುಖದ ಕಾಲವಾಗಿತ್ತು ಎಂದೇನೂ ಅಲ್ಲ.

ಇನ್ನೊಂದೂ ಇದೆ. ಕಹಿ ಘಟನೆಯ ನೋವು ಸಿಹಿ ಘಟನೆಯ ಖುಷಿಗಿಂತ ಬೇಗ ಮಾಸುತ್ತದೆ. ಘಟನೆ ಉಳಿಯುತ್ತದೆ, ಅದರ ಚುಚ್ಚು ಹೋಗಿರುತ್ತದೆ. ತರಗತಿಯ ಹೊರಗೆ ಮಂಡಿಯೂರಿಸಿದ್ದನ್ನು ಮೈಕಿನ ಮುಂದೆ ನಗುನಗುತ್ತ ಹೇಳಿದವರು ಮಂಡಿಯೂರಿದ ದಿನ ನಕ್ಕಿರಲಿಲ್ಲ, ಪುಟ್ಟಿ. ಅವರ ನಗುವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ನಿನ್ನ ಈ ಸೋಮವಾರವನ್ನು ಇಟ್ಟು ತೂಗುತ್ತಿದ್ದೀಯಲ್ಲ, ಅದೇ ನನಗೆ ಸಂಕಟ.

ಅಂಕಗಳ ವಿಷಯದಲ್ಲಂತೂ ಹಳೆಯ ವಿದ್ಯಾರ್ಥಿಗಳನ್ನು ನಂಬಲೇಬೇಡ. ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾರಿ ಬಾರಿಕ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಕಾಲೇಜಿನ 99 ವಿದ್ಯಾರ್ಥಿಗಳಿಗೆ ಹೈಸ್ಕೂಲಿನ ಗ್ರೇಡುಗಳನ್ನು ನೆನಪಿಸಿಕೊಳ್ಳಲು ಹೇಳಿ, ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಿದರು. ಬಂದಿದ್ದ 'ಎ' ಗ್ರೇಡುಗಳಲ್ಲಿ ಶೇ. 89 ಸರಿಯಾಗಿ ನೆನಪಿದ್ದವು. 'ಡಿ' ಗ್ರೇಡುಗಳಲ್ಲಿ ಶೇ. 29 ಮಾತ್ರ. ತಪ್ಪು ನೆನಪುಗಳಲ್ಲಿ ಹೆಚ್ಚಿನವು ಗ್ರೇಡನ್ನು ಏರಿಸಿದಂಥವೇ. ಶಾಲೆ ಬಿಟ್ಟು ಹೆಚ್ಚು ಕಾಲ ಕಳೆಯದವರ ಕಥೆಯೇ ಇದಾದರೆ, ತಲೆ ನರೆತ ನಮ್ಮ ಮಾತು ಏನು ಹೇಳಲಿ!

ಸಭೆಗೆ ಬಂದವರ ಮಾತು ಮಾತ್ರ ನೀನು ಕೇಳಿದ್ದೀಯ ಎಂಬುದೂ ಇದೆ. ಬಾರದವರು ಏನು ಹೇಳುತ್ತಿದ್ದರೋ! ನಮ್ಮ ತರಗತಿಯ ಗುಂಪು ಚಿತ್ರದಲ್ಲಿ ಎಡತುದಿಯಲ್ಲಿ ಒಬ್ಬಳು ನಿಂತಿದ್ದಾಳೆ. ಅವಳ ಮುಖವನ್ನು ಇವತ್ತು ಬಸ್ಸಿನಲ್ಲಿ ಕಂಡರೂ ಗುರುತಿಸುತ್ತೇನೆ, ಹೆಸರು ಮಾತ್ರ ನಾಲಿಗೆಗೆ ಬರುತ್ತಿಲ್ಲ. ಇದೇ ಬಾರಿಕ್ 1975ರಲ್ಲಿ ತೋರಿಸಿದ್ದರು: ಹೈಸ್ಕೂಲು ಬಿಟ್ಟು ಮೂವತ್ತು ವರ್ಷಗಳಾಚೆಗೂ ಜನ ಸಹಪಾಠಿಗಳ ಮುಖಗಳನ್ನು ಹತ್ತರಲ್ಲಿ ಒಂಬತ್ತರಷ್ಟು ಸರಿಯಾಗಿ ಗುರುತಿಸುತ್ತಾರೆ, ಆದರೆ ಹೆಸರುಗಳನ್ನು ತಾವಾಗಿ ನೆನೆದು ಹೇಳುವುದು ಬಹಳ ಕಷ್ಟ. ಅವಳು ಒಂದು ಸಭೆಗೂ ಬಂದದ್ದಿಲ್ಲ. ಅವಳ ಜೊತೆ ನಾನು ಮನಸ್ಸು ಬಿಚ್ಚಿ ಮಾತಾಡಿದ ನೆನಪೇ ಇಲ್ಲ. ನಾನೂ ಅವಳ ಹಾಗೆಯೇ ಒಂಟಿಯಾಗಿದ್ದೆ ಎಂಬುದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಒಂಬತ್ತನೆಯ ತರಗತಿಯಲ್ಲಿ ನನ್ನ ಶಾಲೆ ಯಾಕೆ ಬದಲಾಯಿತು ಎಂಬುದನ್ನು ಮನೆಯಲ್ಲಿ ಕೇಳಿದ್ದೀಯ, ಮತ್ತೆ ಅದನ್ನು ಕೆದಕುವುದಿಲ್ಲ. ಎರಡು ಒಂಟಿ ಹುಡುಗಿಯರು ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಕೂತು ಎರಡು ವರ್ಷ ಕಳೆದೆವಲ್ಲ ಎಂದು ಈಗ ಬೇಸರವಾಗುತ್ತದೆ.

ಆಮೇಲೆ ಆ ಶಾಲೆಯವರು ಮಾತಾಡಲು ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಮಕ್ಕಳಿಗೆ ಹುರುಪು ತುಂಬುವಂಥದ್ದು ನನ್ನಲ್ಲಿ ಏನಿದೆ ಎಂಬುದು ಆಗಿನ ಲೆಕ್ಕ. ನಿನ್ನ ಪತ್ರ ಬಂದಂದಿನಿಂದ ಅದೇ ಕೊರೆಯುತ್ತಿದೆ. ಅಷ್ಟೊಂದು ಚಿನ್ನದ ಮಾತುಗಳ ನಡುವೆ "ನನಗೆ ಇಲ್ಲಿ ಬಹಳ ಕಷ್ಟವಾಗಿತ್ತು, ಆಮೇಲೆ ಪರವಾಗಿಲ್ಲ ಎನ್ನುವಂತಾಯಿತು" ಎಂದು ಒಬ್ಬಳಾದರೂ ಹೇಳಬೇಕಿತ್ತು. ಹಿಂದಿನ ಸಾಲಿನಲ್ಲಿ ನಿನ್ನಂಥವಳೊಬ್ಬಳು ಕೂತಿದ್ದಿರಬಹುದು.

ಮುಂದಿನವು ಹೇಗಿರುತ್ತವೆ ಎಂದು ಕೇಳಿದ್ದೀಯ. ನಿನ್ನವು ಹೇಗಿರುತ್ತವೋ ನಾನು ಹೇಗೆ ಹೇಳಲಿ? ನನ್ನ ಚಿನ್ನದ ದಿನಗಳು ನಲವತ್ತರ ಆಸುಪಾಸಿನಲ್ಲಿ ಶುರುವಾದವು. ನಿನ್ನ ಅಮ್ಮ ಇದನ್ನು ಓದಿದರೆ ಜಗಳಕ್ಕೆ ಬರುತ್ತಾಳೆ, ಅವಳ ಪ್ರಕಾರ ನಾವಿಬ್ಬರೂ ಬಾಲ್ಯದಲ್ಲಿ ಬಹಳ ಸುಖವಾಗಿದ್ದೆವು. ಅವಳ ನೆನಪು ಅವಳಿಗಿರಲಿ.

ಬುದ್ಧಿಮಾತು ಹೇಳುವ ಪತ್ರವಲ್ಲ ಇದು, ಆದರೂ ಕೈ ತಡೆಯುವುದಿಲ್ಲ. ಹೊಸ ಸೆಕ್ಷನ್ನಿನಲ್ಲಿ ಯಾರೂ ಹತ್ತಿರವಾಗಿಲ್ಲ ಎಂದಿದ್ದೀಯ. ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಎಂದು ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ಸುಮ್ಮನೆ ಪರಿಚಯದವರಾಗಿ ಉಳಿಯದೆ ಸ್ನೇಹಿತರಾಗತೊಡಗಲು ಸುಮಾರು 50 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕಂತೆ. ಅವರು ಕೇಳಿದ್ದು ಕಾಲೇಜಿನವರನ್ನು ಮತ್ತು ಊರು ಬದಲಿಸಿದ ದೊಡ್ಡವರನ್ನು, ಹಾಗಾಗಿ ಗಂಟೆಗಳನ್ನು ಅಕ್ಷರಶಃ ಹಿಡಿಯಬೇಡ. ಪಾಠದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತಿರುವುದು ಅದಕ್ಕೆ ಅಷ್ಟಾಗಿ ಸೇರುವುದೂ ಇಲ್ಲ. ಒಂದು ಸೆಮಿಸ್ಟರಿನೊಳಗೆ ಆಗಲಿಲ್ಲವೆಂದು ನಿನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳಬೇಡ, ಅಷ್ಟು ಸಾಕು.

ರಾತ್ರಿ ಮೊಬೈಲ್ ಹಿಡಿದು ಮಲಗುತ್ತೀಯ ಎಂದು ನನ್ನ ಕಿವಿಗೆ ಬಿತ್ತು. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ನಿದ್ದೆ ಕೆಟ್ಟ ಮರುದಿನ ಯಾರ ಮಾತೂ ಸಹನೆಯಾಗುವುದಿಲ್ಲ, ಚಿನ್ನದ ಮಾತಂತೂ ಮೊದಲೇ ಆಗುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ನನಗೇ ನಾಚಿಕೆ, ನಾನೇ ಈ ಪತ್ರವನ್ನು ನಡುರಾತ್ರಿ ಬರೆಯುತ್ತಿದ್ದೇನೆ.

ಇನ್ನೊಂದು ಮಾತು, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡ. ನೋವು ತಾನಾಗಿ ಮಾಸುತ್ತದೆ ಎಂದೆನಲ್ಲ, ಮನಸ್ಸು ಬಹಳ ಕುಗ್ಗಿದವರಲ್ಲಿ ಅದು ಅಷ್ಟು ಬೇಗ ಮಾಸುವುದಿಲ್ಲ. ಬೆಳಿಗ್ಗೆ ಏಳಲು ಮನಸ್ಸಾಗದ ದಿನಗಳು ಒಂದರ ಹಿಂದೊಂದು ಬರುತ್ತಿದ್ದರೆ, ಆ ಎರಡು ಸಾಲನ್ನು ನನಗೆ ಬರೆದಂತೆ ಚಿಕ್ಕ ಅಕ್ಷರದಲ್ಲಿ ಬರೆಯದೆ ಅಮ್ಮನಿಗೆ ಬಾಯಿಬಿಟ್ಟು ಹೇಳು, ಇಲ್ಲವೇ ಶಾಲೆಯಲ್ಲಿ ನಿನಗೆ ಸರಿಬೀಳುವ ಒಬ್ಬ ಮೇಡಂಗೆ ಹೇಳು. ಆಗದಿದ್ದರೆ ನನಗೆ ಫೋನ್ ಮಾಡು, ನಾನು ಹೇಳುತ್ತೇನೆ.

ಮುಂದಿನ ತಿಂಗಳು ಇನ್ನೊಬ್ಬ ಹಳೆಯ ವಿದ್ಯಾರ್ಥಿ ಬರುತ್ತಾರೆ ಎಂದು ಬರೆದಿದ್ದೀಯ. ಪ್ರಶ್ನೆ ಕೇಳಲು ಬಿಟ್ಟರೆ, ಶಾಲೆಗೆ ಬರಲು ಅವರಿಗೆ ಸ್ವಲ್ಪವೂ ಇಷ್ಟವಿಲ್ಲದ ದಿನಗಳು ಯಾವುವು, ಆಗ ಏನು ಮಾಡುತ್ತಿದ್ದರು ಎಂದು ಕೇಳು. ಎದ್ದು ನಿಲ್ಲಲು ಹಿಂಜರಿಕೆಯಾದರೆ ಚೀಟಿಯಲ್ಲಿ ಹೆಸರಿಲ್ಲದೆ ಬರೆದುಕೊಡು. ಅವರು ಏನು ಹೇಳಿದರೆಂದು ನನಗೆ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ