ವೀಸಾ ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಕೆ?

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದು, ಕೆಲಸ, ವಲಸೆ ಕುರಿತ ಮಾರ್ಗದರ್ಶಿ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಬ್ಯಾಂಕಿನಲ್ಲಿ ಎಷ್ಟು ಹಣ ತೋರಿಸಬೇಕು, ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟು ಅಂಕ ಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಎಲ್ಲವೂ ಇರುತ್ತದೆ. ಅರ್ಜಿಯಲ್ಲಿ ಬರುವ ಆರೋಗ್ಯದ ಪ್ರಶ್ನೆಗಳ ಬಗ್ಗೆ ಮಾತ್ರ ಬರೆಯುವವರು ಕಡಿಮೆ. ಹಾಗಾಗಿ ಜನ ಏಜೆಂಟರ ಮಾತನ್ನೇ ನಂಬುತ್ತಾರೆ. ‘ಎಲ್ಲದಕ್ಕೂ ಇಲ್ಲ ಅಂತ ಟಿಕ್ ಮಾಡಿ, ಸುಮ್ನೆ ಯಾಕೆ ತಲೆನೋವು’ ಎನ್ನುವ ಏಜೆಂಟರಿಗೇನೂ ಬರ ಇಲ್ಲ. ಸಲಹೆ ಅವರದ್ದು, ಕೆಳಗೆ ಬೀಳುವ ಸಹಿ ಮಾತ್ರ ಅರ್ಜಿದಾರರದ್ದು.

ಆ ಸಹಿಯ ತೂಕ ಎಷ್ಟು ಅಂತ ನೋಡಿ. ಮುಖ್ಯವಾದ ಸಂಗತಿಯನ್ನು ತಿರುಚಿದರೆ ಅಥವಾ ಮುಚ್ಚಿಟ್ಟರೆ ಕೆನಡಾ 5 ವರ್ಷ ಬಾಗಿಲು ಹಾಕುತ್ತದೆ. 2014ಕ್ಕೆ ಮೊದಲು ಇದು 2 ವರ್ಷವಿತ್ತು. ಸುಳ್ಳು ಬೇರೆಯವರ ಮೂಲಕ ಹೋಗಿದ್ದರೂ ಈ ಕಾನೂನು ಅನ್ವಯಿಸುತ್ತದೆ, ಅಂದರೆ ‘ಏಜೆಂಟ್ ತುಂಬಿದ್ದು, ನನಗೆ ಗೊತ್ತಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭವಲ್ಲ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 3 ವರ್ಷದ ತಡೆ. ಅದು ಅರ್ಜಿಯಲ್ಲಿರುವ ಮನೆಮಂದಿಗೂ ತಟ್ಟಬಹುದು. ಅಮೆರಿಕದಲ್ಲಂತೂ ಬೇಕೆಂದೇ ಹೇಳಿದ ಸುಳ್ಳಿಗೆ ತಡೆ ಜೀವನಪೂರ್ತಿ. ವಿನಾಯಿತಿ ಇದೆ, ಆದರೆ ಎಲ್ಲರಿಗೂ ಸಿಗುವಂಥದ್ದಲ್ಲ.

ಇಷ್ಟಕ್ಕೂ ಜನ ಮುಚ್ಚಿಡಲು ಹೊರಡುವ ಕಾಯಿಲೆಗಳಲ್ಲಿ ಬಹಳಷ್ಟು ತಾವಾಗಿಯೇ ವೀಸಾಗೆ ಅಡ್ಡಿಯಲ್ಲ. ಆರೋಗ್ಯದ ಕಾರಣಕ್ಕೆ ನೇರವಾಗಿ ಅನರ್ಹರೆನ್ನಲು ಅಮೆರಿಕದ ವಲಸೆ ಕಾನೂನು ನೋಡುವುದು ಕೆಲವು ಸಾಂಕ್ರಾಮಿಕ ರೋಗಗಳು, ಹಾಕಿಸಿಕೊಳ್ಳಬೇಕಾದ ಲಸಿಕೆಗಳು, ಮಾದಕ ವಸ್ತುಗಳ ಚಟ, ಮತ್ತು ತನಗೋ ಇತರರಿಗೋ ಅಪಾಯ ತರುವ ನಡವಳಿಕೆಯ ಜೊತೆಗಿರುವ ಕಾಯಿಲೆ, ಇಷ್ಟನ್ನು. ಬಿಪಿ, ಶುಗರ್ ಆ ಪಟ್ಟಿಯಲ್ಲಿಲ್ಲ, ಆದರೆ ವಲಸೆ ವೀಸಾದಲ್ಲಿ ಮುಂದೆ ಸರ್ಕಾರಕ್ಕೆ ಹೊರೆಯಾಗುತ್ತಾರೆಯೇ ಎಂದು ನೋಡುವಾಗ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎಚ್‌ಐವಿಯನ್ನೂ 2010ರ ಜನವರಿಯಲ್ಲಿ ಪಟ್ಟಿಯಿಂದ ತೆಗೆದರು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ತಾನಾಗಿಯೇ ಅನರ್ಹತೆಯಲ್ಲ.

ಕ್ಷಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚು ಭಯ ಇರುವುದು ಇಲ್ಲೇ. ಎಂದೋ ಬಂದು ಪೂರ್ತಿ ವಾಸಿಯಾದ ಕ್ಷಯ ಕೂಡ ಶ್ವಾಸಕೋಶದಲ್ಲಿ ಕಲೆ ಬಿಟ್ಟಿರಬಹುದು. ವೀಸಾಗಾಗಿ ಮಾಡುವ ವೈದ್ಯಕೀಯ ತಪಾಸಣೆಯ ಎದೆಯ ಎಕ್ಸ್-ರೇಯಲ್ಲಿ ಅದು ಕಾಣುತ್ತದೆ. ಅರ್ಜಿಯಲ್ಲಿ ‘ಇಲ್ಲ’ ಎಂದಿದ್ದು ಎಕ್ಸ್-ರೇ ‘ಹೌದು’ ಎಂದರೆ, ವೈದ್ಯರು ಯಾವುದನ್ನು ನಂಬಬೇಕು? ಮೊದಲೇ ಹೇಳಿ, ಚಿಕಿತ್ಸೆ ಮುಗಿಸಿದ ದಾಖಲೆ ಮತ್ತು ಹಳೆಯ ಎಕ್ಸ್-ರೇ ಕೈಗಿಟ್ಟರೆ, ಕಲೆ ಹಳೆಯದು, ಹಾಗೆಯೇ ಇದೆ ಎಂದು ಹೋಲಿಸಿ ನೋಡಲು ಅವರಿಗೆ ಒಂದು ಆಧಾರ ಸಿಗುತ್ತದೆ. ಸಂಶಯವಿದ್ದರೆ ಕಫದ ಪರೀಕ್ಷೆ ಮಾಡಿಸುತ್ತಾರೆ. ಕಫದಲ್ಲಿ ಕ್ಷಯದ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ವರದಿಗೆ ಸುಮಾರು 8 ವಾರ ಹಿಡಿಯಬಹುದು. ಕಾಯಿಲೆ ಈಗಲೂ ಇದೆ ಅಂತಾದರೆ ಚಿಕಿತ್ಸೆ ಮುಗಿಸಿ ಬನ್ನಿ ಎನ್ನುತ್ತಾರೆ. ಸಾಮಾನ್ಯ ಕ್ಷಯಕ್ಕೆ ಅದು 6 ತಿಂಗಳ ಮಾತು. ಒಂದು ಸೆಮಿಸ್ಟರ್ ತಪ್ಪಬಹುದು, ಅಷ್ಟೇ ಅಲ್ವಾ?

ಪ್ರಾಮಾಣಿಕತೆ ಅಂದರೆ ಬಾಲ್ಯದ ನೆಗಡಿಯಿಂದ ಹಿಡಿದು ಎಲ್ಲವನ್ನೂ ಬರೆಯುವುದು ಅಂತಲೂ ಅಲ್ಲ. ಪ್ರಶ್ನೆಯನ್ನು ಪೂರ್ತಿ ಓದಬೇಕು. ಕೆನಡಾದ ತಾತ್ಕಾಲಿಕ ವೀಸಾ ಅರ್ಜಿಯ ಒಂದು ಪ್ರಶ್ನೆ ಹೀಗಿದೆ: ಅಲ್ಲಿರುವಾಗ ಔಷಧಿ ಬಿಟ್ಟು ಬೇರೆ ಆರೋಗ್ಯ ಸೇವೆ ಅಥವಾ ಸಾಮಾಜಿಕ ಸೇವೆ ಬೇಕಾಗುವಂಥ ದೈಹಿಕ, ಮಾನಸಿಕ ತೊಂದರೆ ಇದೆಯೇ? ದಿನಕ್ಕೊಂದು ಮಾತ್ರೆಯಲ್ಲಿ ಶುಗರ್ ಹತೋಟಿಯಲ್ಲಿರುವವರು ಇದಕ್ಕೆ ‘ಇಲ್ಲ’ ಎಂದರೆ ಅದು ಸುಳ್ಳಲ್ಲ. ಅದೇ ವ್ಯಕ್ತಿ ವೈದ್ಯಕೀಯ ತಪಾಸಣೆಗೆ ಹೋದಾಗ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಹೇಳಲೇಬೇಕು. ಎರಡು ಬೇರೆ ಪ್ರಶ್ನೆ, ಎರಡು ಬೇರೆ ಉತ್ತರ.

ಇನ್ನೊಂದು ಹುಚ್ಚಾಟವಿದೆ. ತಪಾಸಣೆಯಲ್ಲಿ ಸಿಕ್ಕಿಬೀಳಬಾರದು ಅಂತ ಬಿಪಿ ಮಾತ್ರೆಯನ್ನೋ ಮಾನಸಿಕ ಆರೋಗ್ಯದ ಮಾತ್ರೆಯನ್ನೋ ಕೆಲವು ದಿನ ಮೊದಲೇ ನಿಲ್ಲಿಸುವುದು. ಮಾತ್ರೆ ಬಿಟ್ಟರೆ ಬಿಪಿ ಏರುತ್ತದೆ, ಅದೇ ವರದಿಯಲ್ಲಿ ದಾಖಲಾಗುತ್ತದೆ. ಮಾನಸಿಕ ಆರೋಗ್ಯದ ಔಷಧಿಯನ್ನು ತಟ್ಟನೆ ಬಿಟ್ಟರೆ ಏನಾಗಬಹುದು ಅಂತ ಯಾವ ವೈದ್ಯರನ್ನಾದರೂ ಕೇಳಿ.

ಹಾಗಂತ ನಿಯಮಗಳೆಲ್ಲ ನ್ಯಾಯವಾಗಿವೆ ಅಂತ ನಾನು ಹೇಳುತ್ತಿಲ್ಲ. ಚಿಕಿತ್ಸೆಯ ಖರ್ಚನ್ನು ಲೆಕ್ಕ ಹಾಕಿ ಅರ್ಜಿ ತಿರಸ್ಕರಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ಆ ಮಿತಿ 86,000 ಆಸ್ಟ್ರೇಲಿಯನ್ ಡಾಲರ್. ಒಂದು ಮಗುವಿಗೆ ಅಂಗವೈಕಲ್ಯವಿದ್ದರೆ ಇಡೀ ಕುಟುಂಬದ ಕಾಯಂ ವೀಸಾ ನಿಂತುಹೋಗಬಹುದು. ಮಗುವನ್ನು ಖರ್ಚಿನ ಲೆಕ್ಕದಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅಂಥ ನಿಯಮ ಸಡಿಲವಾದದ್ದು ಮುಚ್ಚಿಟ್ಟವರಿಂದಲ್ಲ. ಕೆನಡಾದಲ್ಲಿ ಕೆಲವು ಕುಟುಂಬಗಳು ತಮಗಾದ ನಿರಾಕರಣೆಯನ್ನು ಬಹಿರಂಗವಾಗಿಯೇ ಪ್ರಶ್ನಿಸಿದ್ದವು. 2018ರಲ್ಲಿ ಅಲ್ಲಿನ ಸರ್ಕಾರ ಖರ್ಚಿನ ಮಿತಿಯನ್ನು ಮೂರು ಪಟ್ಟು ಹೆಚ್ಚಿಸಿತು, ವಿಶೇಷ ಶಿಕ್ಷಣದ ವೆಚ್ಚವನ್ನು ಲೆಕ್ಕದಿಂದ ಕೈಬಿಟ್ಟಿತು. ಅಲ್ಲಿ ನಿರಾಕರಿಸುವ ಮೊದಲು ಪತ್ರ ಬರೆದು ಉತ್ತರ ಕೇಳುತ್ತಾರೆ. ಖರ್ಚನ್ನು ಹೇಗೆ ನಿಭಾಯಿಸುತ್ತೀರಿ ಎಂಬ ಯೋಜನೆ ಕೊಡಲು ಅವಕಾಶವಿರುತ್ತದೆ. ಕಾಯಿಲೆಯೇ ಇಲ್ಲ ಎಂದು ಬರೆದವರು ಆ ಯೋಜನೆ ಎಲ್ಲಿಂದ ಕೊಡುತ್ತಾರೆ?

ನಿಮ್ಮ ಪತ್ರಿಕೆಯ ಮುಂದಿನ ಶಿಕ್ಷಣ ಪುರವಣಿಯಲ್ಲಿ ಈ ಪ್ರಶ್ನೆಗಳಿಗೆ ಒಂದು ಪುಟ ಕೊಡಿ ಎಂದು ಕೋರುತ್ತೇನೆ. ಒಬ್ಬ ವೈದ್ಯರು, ವಲಸೆ ಕಾನೂನು ಬಲ್ಲ ಒಬ್ಬ ವಕೀಲರು ಸೇರಿ ಓದುಗರಿಗೆ ಉತ್ತರಿಸಲಿ. ಅರ್ಜಿ ಕಳಿಸಿಯಾಗಿದೆ, ತಪ್ಪು ಉತ್ತರ ಹೋಗಿಬಿಟ್ಟಿದೆ ಎನ್ನುವವರಿಗೂ ಅದರಲ್ಲಿ ಜಾಗವಿರಲಿ. ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಫಾರಂ 1023 ಇದೆ. ಕೆನಡಾಕ್ಕೆ ವೆಬ್ ಫಾರಂ ಮೂಲಕ ತಿಳಿಸಬಹುದು. ಅವರು ಕಂಡುಹಿಡಿಯುವ ಮೊದಲೇ ತಿಳಿಸಬೇಕು.

ಇಂತಿ,
ಒಬ್ಬ ಓದುಗ