ದ್ವೀಪದ ಸಿನಿಮಾಗೆ ಒಂದು ದಿನ, ಧಾರೆಗೆ ಇನ್ನೊಂದು ದಿನ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ದ್ವೀಪಕ್ಕೆ ಹೋಗಿ ಮದುವೆ ಆಗುವವರ ಬಗ್ಗೆ ಬಂದಿದ್ದ ಲೇಖನ ಓದಿದೆ. ಫೋಟೋಗಳು ತುಂಬಾ ಚೆನ್ನಾಗಿದ್ದವು. ನೀಲಿ ನೀರು, ಬಿಳಿ ಮರಳು, ಗಾಳಿಗೆ ಹಾರುವ ದುಪಟ್ಟಾ. ಆದರೆ ಅಂಥ ಮದುವೆಯನ್ನು ಸಿನಿಮಾ ಥರ ಚಿತ್ರೀಕರಿಸಬೇಕು ಅಂದರೆ ಏನೇನು ಯೋಚನೆ ಮಾಡಬೇಕು, ಎಲ್ಲೆಲ್ಲಿ ಎಡವುತ್ತೀವಿ ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಎಡವಿದವನೇ ಹೇಳಲಿ ಅಂತ ಈ ಪತ್ರ.

ನಾನು ಶಿಡ್ಲಘಟ್ಟದಲ್ಲಿ ಮದುವೆ ವಿಡಿಯೋ ಮಾಡುವವನು. ಹೆಗಲ ಮೇಲೆ ವಿಎಚ್‌ಎಸ್ ಕ್ಯಾಮೆರಾ ಇಟ್ಟುಕೊಂಡು, ಹಿಂದೆ ಒಬ್ಬ ಹುಡುಗನ ಕೈಲಿ ಹ್ಯಾಲೋಜನ್ ಲೈಟ್ ಹಿಡಿಸಿ, ಮದುಮಕ್ಕಳನ್ನು ಬೆವರಿಳಿಸಿದ ಕಾಲದಿಂದ ಇದೇ ಕೆಲಸ. ಆಗ ಮಿಕ್ಸಿಂಗ್ ಅಂದರೆ ಹೃದಯದ ಆಕಾರದೊಳಗೆ ಹುಡುಗಿ ಮುಖ ಬರೋದು, ಅಷ್ಟೆ. ಈಗ ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಗಿಂಬಲ್, ಡ್ರೋನ್, ಕ್ಯಾಂಡಿಡ್, ಟೀಸರ್ ಎಲ್ಲ ಬಂದಿವೆ. ಮೊದಲು ಪ್ರೀ ವೆಡ್ಡಿಂಗ್‌ಗೆ ನಂದಿ ಬೆಟ್ಟದ ಮಂಜು ಸಾಕಾಗುತ್ತಿತ್ತು. ಆಮೇಲೆ ಗುಡಿಬಂಡೆ ಕೋಟೆ ಹತ್ತಿ ಭೈರಸಾಗರ ಕೆರೆ ತೋರಿಸಬೇಕು ಅಂದರು. ಈಗ ಅಡ್ವಾನ್ಸ್ ಕೊಡುವ ಮೊದಲೇ ಕೇಳೋದು, "ಅಣ್ಣಾ, ಅಂಡಮಾನ್‌ಗೆ ಬರ್ತೀರಾ?"

ಒಂದು ಸಲ ಹೋದೆ. ನಮ್ಮ ಕಡೆಯ ರೇಷ್ಮೆ ರೀಲರ್ ಒಬ್ಬರ ಮಗಳ ಮದುವೆ. ಡಿಸೆಂಬರ್ ಮೊದಲ ವಾರ, ಸ್ವರಾಜ್ ದ್ವೀಪ. 2018ರವರೆಗೆ ಹ್ಯಾವ್ಲಾಕ್ ಅಂತಿದ್ದರಲ್ಲ, ಅದೇ. ಬೆಂಗಳೂರಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್, ಅದಕ್ಕೂ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಾಯಿತು, ಅಲ್ಲಿಂದ ಹಡಗು. ಎರಡೂ ಕಡೆ ಸೇರಿ ನಲವತ್ತು ಚಿಲ್ಲರೆ ಜನ. ಹಡಗಿನಲ್ಲಿ ನನ್ನ ಅಸಿಸ್ಟೆಂಟ್ ಹುಡುಗ ವಾಂತಿ ಮಾಡಿಕೊಂಡು ಒಂದು ಮಧ್ಯಾಹ್ನ ಮಲಗಿಬಿಟ್ಟ, ಅದು ಬೇರೆ ಕಥೆ.

ರಾಧಾನಗರ ಬೀಚ್‌ನಲ್ಲಿ ಸೂರ್ಯ ಮುಳುಗುವಾಗ ಇಬ್ಬರೂ ನಡೆದು ಬರುವ ಶಾಟ್ ಇಡೀ ಫಿಲಂನ ಜೀವ ಅಂತ ನಾನೇ ಹೇಳಿದ್ದೆ. ಆ ಬೀಚ್ ಪಶ್ಚಿಮಕ್ಕಿದೆ, ಸೂರ್ಯ ನೇರ ಸಮುದ್ರಕ್ಕೇ ಇಳಿಯುತ್ತಾನೆ. ಮದುವೆ ಹಿಂದಿನ ದಿನ ಸಂಜೆ ನಾಲ್ಕೂವರೆಗೆ ಮೇಕಪ್ ಮುಗಿಸಿ ಅಂತ ಹೇಳಿ, ನಾನು ಆರಾಮಾಗಿ ಡ್ರೆಸ್ಸು, ಲೆನ್ಸು ನೋಡಿಕೊಂಡಿದ್ದೆ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗೋದು ಆರಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ. ಐದೂವರೆಗೆ ಬಂಗಾರದ ಬೆಳಕು ಸಿಗುತ್ತೆ, ಟೈಮ್ ಇದೆ ಅಂದುಕೊಂಡೆ. ಐದೂಕಾಲಿಗೆ ಬೀಚ್ ತಲುಪಿ ಕಾರಿಂದ ಇಳಿದರೆ ಎಲ್ಲ ಬೂದಿ ಬಣ್ಣ. ಹುಡುಗಿ ಲೆಹಂಗಾ ಎರಡೂ ಕೈಲಿ ಎತ್ತಿ ಹಿಡಿದುಕೊಂಡು ಮರಳಿನ ಮೇಲೆ ನಿಂತು ಸಮುದ್ರ ನೋಡಿದಳು, ನನ್ನ ಕಡೆ ನೋಡಿದಳು. "ಅಣ್ಣಾ, ಸೂರ್ಯ ಎಲ್ಲಿ?"

ಸೂರ್ಯ ಐದಕ್ಕೆ ಮೊದಲೇ ಮುಳುಗಿದ್ದ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಆ ದ್ವೀಪ ನಮಗಿಂತ ಹದಿನೈದು ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ ಅಂತ ಹಾಕಿದರೆ ಒಂದು ಗಂಟೆ. ಅಲ್ಲಿ ಎಲ್ಲವೂ ಒಂದು ಗಂಟೆ ಮೊದಲು. ಜೇಬಲ್ಲಿ ಮೊಬೈಲ್ ಇತ್ತು, ಒಂದು ಸಲ ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಇದಕ್ಕಿಂತ ನಾಚಿಕೆ ಆದದ್ದು ಮಾರನೇ ದಿನ. ಊರಿನ ಪಂಚಾಂಗದ ಪ್ರಕಾರ ಮಕರ ಲಗ್ನ, 10.40ಕ್ಕೆ ಮುಹೂರ್ತ ಅಂತ ಮೊದಲು ಮಾತಾಗಿತ್ತು. ಆದರೆ ಕಾರ್ಡ್‌ನಲ್ಲಿ 9.40 ಅಂತಿತ್ತು. ಯಾಕೆ ಅಂತ ಪುರೋಹಿತರನ್ನು ಕೇಳಿದೆ. ಎಪ್ಪತ್ತು ದಾಟಿದವರು, ಅದೇ ಮೊದಲು ವಿಮಾನ ಹತ್ತಿದ್ದು. "ಲಗ್ನ ಅನ್ನೋದು ಊರಿಗೊಂದು ಅಲ್ಲವೇನಪ್ಪಾ? ಅಲ್ಲಿ ಸೂರ್ಯ ಮೊದಲು ಹುಟ್ಟುತ್ತಾನೆ, ಲಗ್ನವೂ ಮೊದಲೇ ಬರುತ್ತೆ" ಅಂದರು. ಶಿಡ್ಲಘಟ್ಟದ ಜಗಲಿ ಮೇಲೆ ಕೂತು ಅವರು ಹಾಕಿದ ಲೆಕ್ಕ, ಎರಡು ಕ್ಯಾಮೆರಾ, ಒಂದು ಗಿಂಬಲ್ ಹೊತ್ತುಕೊಂಡು ಹೋದ ನನಗೆ ಹೊಳೆದಿರಲಿಲ್ಲ.

ಇನ್ನು ಮುಹೂರ್ತದ ಹೊತ್ತು. ಬೀಚ್ ಪಕ್ಕದಲ್ಲೇ ಮಂಟಪ. ಹೂವಿನ ಅಲಂಕಾರ ಅರ್ಧ ಗಾಳಿಗೆ ಹಾರಿಹೋಗಿತ್ತು. ಹೋಮದ ಬೆಂಕಿ ನಿಲ್ಲಲಿಲ್ಲ, ಹುಡುಗಿಯ ಸೋದರಮಾವ ಊಟದ ಸ್ಟೀಲ್ ತಟ್ಟೆ ಅಡ್ಡ ಹಿಡಿದು ಕೂತಿದ್ದರು. ಅಕ್ಷತೆ ಹಾಕಿದರೆ ಹಾಕಿದವರ ಮುಖಕ್ಕೇ ವಾಪಸ್. ಬಿಸಿಲು ನೆತ್ತಿಗೆ ಏರುತ್ತಿತ್ತು, ಕೆಳಗೆ ಬಿಳಿ ಮರಳು, ಹಿಂದೆ ಹೊಳೆಯುವ ನೀರು. ಅಂಥ ಬೆಳಕಲ್ಲಿ ಮುಖಕ್ಕೆ ಎಕ್ಸ್‌ಪೋಷರ್ ಇಟ್ಟರೆ ಸಮುದ್ರ ಬೆಳ್ಳಗೆ ಮಾಯ, ಸಮುದ್ರಕ್ಕೆ ಇಟ್ಟರೆ ಕಣ್ಣಿನ ಗುಳಿ ಕಪ್ಪು. ಸೀರೆ ಸೆರಗು ಹಿಡಿದವರು, ಬಾಸಿಂಗ ಹಿಡಿದವರು, ಕಣ್ಣು ಕಿವುಚಿಕೊಂಡವರು. ನಮ್ಮ ಚೌಟ್ರಿಯಲ್ಲಾದರೆ ಬೆಳಕು ನಮ್ಮ ಕೈಲಿರುತ್ತೆ. ಅಲ್ಲಿ ಏನೂ ನಮ್ಮ ಕೈಲಿಲ್ಲ. ಇನ್ನೊಂದು ಸಲ ಮಾಡಿ ಅಂತ ಸಿನಿಮಾದವರು ಹೇಳಬಹುದು, ತಾಳಿ ಕಟ್ಟುವವನಿಗೆ ಹೇಳೋಕಾಗುತ್ತಾ?

ಓಲಗದವರನ್ನು ಕರೆದುಕೊಂಡು ಹೋಗಿರಲಿಲ್ಲ. ನಾಲ್ಕು ಜನರ ಟಿಕೆಟ್ಟು, ಡೋಲಿನ ಲಗೇಜು, ಜಾಸ್ತಿ ಆಗುತ್ತೆ ಅಂತ ಬಿಟ್ಟರು. ಗಟ್ಟಿಮೇಳ ಗಟ್ಟಿಮೇಳ ಅಂತ ಪುರೋಹಿತರು ಕೈ ಎತ್ತಿದಾಗ ಯಾರೋ ಹುಡುಗ ಮೊಬೈಲ್‌ನಿಂದ ಬ್ಲೂಟೂತ್ ಸ್ಪೀಕರ್‌ಗೆ ಹಾಕಿದ, ಮೊದಲು ಐದು ಸೆಕೆಂಡ್ ಜಾಹೀರಾತು ಬಂತು.

ಮೂರು ತಿಂಗಳಾದ ಮೇಲೆ ಹುಡುಗಿಯ ಅಪ್ಪ ಅಂಗಡಿಗೆ ಬಂದರು. ಫಿಲಂ ಚೆನ್ನಾಗಿದೆ ಅಂದರು. ಕಾಫಿ ಕುಡಿದರು. ಎದ್ದು ಹೋಗುವಾಗ, "ತಾಳಿ ಕಟ್ಟುವಾಗ ಓಲಗದ ಸದ್ದು ಸೇರಿಸೋಕಾಗುತ್ತಾ ನೋಡಿ" ಅಂದರು. ಸೇರಿಸಿಕೊಟ್ಟೆ. ಈಗ ಅವರ ಮನೆಯಲ್ಲಿ ಎಲ್ಲರೂ ನೋಡುವ ಆ ಗಟ್ಟಿಮೇಳ ಚಿಂತಾಮಣಿಯ ಬೇರೆ ಯಾರದ್ದೋ ಮದುವೆಯದ್ದು. ಇದು ಅವರಿಗೂ ಗೊತ್ತು.

ಇಷ್ಟೆಲ್ಲ ಹೇಳಿದೆ ಅಂತ ದ್ವೀಪಕ್ಕೆ ಹೋಗಬೇಡಿ ಅನ್ನುತ್ತಿಲ್ಲ. ದುಡ್ಡಿದ್ದವರು, ಆಸೆ ಇದ್ದವರು ಹೋಗಲಿ, ನನಗೂ ಕೆಲಸ ಸಿಗುತ್ತೆ. ನಾನು ಹೇಳೋದು ಒಂದೇ: ಧಾರೆಯನ್ನೂ ಸಿನಿಮಾವನ್ನೂ ಒಂದೇ ದಿನಕ್ಕೆ, ಒಂದೇ ಜಾಗಕ್ಕೆ ಕಟ್ಟಬೇಡಿ. ಮದುವೆ ಊರಲ್ಲಿ ಆಗಲಿ, ಓಲಗ, ಬೀಗರ ಊಟ, ಮುಯ್ಯಿ ಪುಸ್ತಕ ಎಲ್ಲ ಇರಲಿ. ಅದನ್ನು ನಾವು ಇದ್ದದ್ದು ಇದ್ದ ಹಾಗೆ ತೆಗೆಯುತ್ತೇವೆ. ದ್ವೀಪಕ್ಕೆ ಆಮೇಲೆ ಗಂಡ ಹೆಂಡತಿ ಇಬ್ಬರೇ ಹೋಗಲಿ, ಜೊತೆಗೆ ಕ್ಯಾಮೆರಾದವರು ಇಬ್ಬರು ಸಾಕು. ಆಗ ಸೂರ್ಯನಿಗೆ ನಾವು ಕಾಯಬಹುದು. ಮೋಡ ಬಂದರೆ ನಾಳೆ ತೆಗೆಯಬಹುದು. ಮುಹೂರ್ತಕ್ಕೆ ನಾಳೆ ಇಲ್ಲವಲ್ಲ.

ಕಾಲದ ಲೆಕ್ಕವೂ ಹೀಗೇ ಹೇಳುತ್ತೆ. ಅಂಡಮಾನ್‌ನಲ್ಲಿ ಮೇ ತಿಂಗಳಿಂದಲೇ ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಟ, ನಮ್ಮ ಕಾರ್ತಿಕದ ಮುಹೂರ್ತಗಳೆಲ್ಲ ಅಲ್ಲೇ ಬಂದು ಬೀಳುತ್ತವೆ. ಆಕಾಶ ತಿಳಿಯಾಗಿ ಸಮುದ್ರ ಸುಮ್ಮನಾಗುವ ಡಿಸೆಂಬರ್ ಕೊನೆ, ಜನವರಿ ಮೊದಲಲ್ಲಿ ನಮಗೆ ಧನುರ್ಮಾಸ, ಮದುವೆಯೇ ಇಲ್ಲ. ಸಿನಿಮಾಗೆ ಧನುರ್ಮಾಸದ ಅಡ್ಡಿ ಏನೂ ಇಲ್ಲ, ಆದರೆ ಹೊಸ ವರ್ಷದ ಜನಜಂಗುಳಿ, ಹೋಟೆಲ್ ರೇಟು ನೋಡಿಕೊಳ್ಳಿ. ಸಂಕ್ರಾಂತಿ ಕಳೆದ ಮೇಲೆ ಫೆಬ್ರವರಿ, ಮಾರ್ಚ್ ನನ್ನ ಪ್ರಕಾರ ಒಳ್ಳೆಯದು.

ಪ್ಲಾನ್ ಮಾಡುವವರು ಮೊದಲು ಕೇಳಬೇಕಾದ್ದು ಯಾವ ಬೀಚ್ ಚೆನ್ನಾಗಿದೆ ಅಂತಲ್ಲ, ಯಾವ ಬೀಚ್ ಯಾವ ದಿಕ್ಕಿಗಿದೆ ಅಂತ. ರಾಧಾನಗರ ಸಂಜೆಗೆ. ಅದೇ ದ್ವೀಪದ ಕಾಲಾಪತ್ಥರ್ ಬೀಚ್ ಪೂರ್ವಕ್ಕಿದೆ, ಬೆಳಗ್ಗೆಗೆ. ಬೆಳಗ್ಗೆ ಅಂದರೆ ಚಳಿಗಾಲದಲ್ಲಿ ಸುಮಾರು ಐದೂಮುಕ್ಕಾಲಿಗೆಲ್ಲ ಸೂರ್ಯ ಬಂದಿರುತ್ತಾನೆ, ಮೇಕಪ್‌ನವರು ಮೂರಕ್ಕೆ ಏಳಬೇಕು, ಇದನ್ನು ಮೊದಲೇ ಹೇಳದಿದ್ದರೆ ಜಗಳ ಗ್ಯಾರಂಟಿ. ಸಮುದ್ರದ ಉಬ್ಬರ ಇಳಿತದ ಸಮಯವೂ ನೋಡಬೇಕು. ದಿನಾ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ನಿನ್ನೆ ನಿಂತ ಮರಳು ಇವತ್ತು ಅದೇ ಹೊತ್ತಿಗೆ ನೀರೊಳಗೆ ಇರಬಹುದು. ಒಂದು ಸಂಜೆಗೆ ಒಳ್ಳೆಯ ಬೆಳಕು ಮುಕ್ಕಾಲು ಗಂಟೆ ಸಿಕ್ಕರೆ ಪುಣ್ಯ. ಅಷ್ಟರಲ್ಲಿ ಆರೇಳು ಶಾಟ್ ಆಗುತ್ತೆ. ಮೊಬೈಲ್‌ನಲ್ಲಿ ನಲವತ್ತು ರೀಲ್ಸ್ ಸೇವ್ ಮಾಡಿಕೊಂಡು ಬಂದು ಎಲ್ಲ ಬೇಕು ಅಂದರೆ ಒಂದೂ ನೆಟ್ಟಗಾಗಲ್ಲ.

ಡ್ರೋನ್ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಕೇಳೋದು ಅದನ್ನೇ. ಅಂಡಮಾನ್ ರಕ್ಷಣೆಯ ದೃಷ್ಟಿಯಿಂದ ಸೂಕ್ಷ್ಮ ಜಾಗ, ಅನುಮತಿ ಇಲ್ಲದೆ ಹಾರಿಸಿದರೆ ಡ್ರೋನೂ ಹೋಗುತ್ತೆ, ಮದುವೆ ಮನೆಯವರು ಪೊಲೀಸ್ ಸ್ಟೇಷನ್‌ನಲ್ಲಿ ಕೂರಬೇಕಾಗುತ್ತೆ. ಅಲ್ಲಿಯವರೆಗೆ ಯಾಕೆ, ನಮ್ಮ ದೇವನಹಳ್ಳಿಯನ್ನೇ ನೋಡಿ. 2021ರ ಡ್ರೋನ್ ನಿಯಮದ ಪ್ರಕಾರ ವಿಮಾನ ನಿಲ್ದಾಣದ ಸುತ್ತ ಅನುಮತಿ ಇಲ್ಲದೆ ಹಾರಿಸಬಾರದ ಕೆಂಪು, ಹಳದಿ ವಲಯ ಇದೆ, ಎಂಟರಿಂದ ಹನ್ನೆರಡು ಕಿಲೋಮೀಟರ್ ಒಳಗೆ 200 ಅಡಿ ಮೇಲೆ ಹೋಗೋಕೂ ಅನುಮತಿ ಬೇಕು. ಅಲ್ಲಿನ ಚೌಟ್ರಿಗಳಲ್ಲಿ ಎಷ್ಟು ಜನ ಇದನ್ನು ನೋಡಿಕೊಂಡು ಹಾರಿಸುತ್ತಾರೆ ಅನ್ನೋದು ನಮ್ಮ ಕಸುಬಿನವರಿಗೇ ಗೊತ್ತು. ನಾನೂ ಒಂದು ಕಾಲದಲ್ಲಿ ಸುಮ್ನೆ ಹಾರಿಸಿದವನೇ.

ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಲಗೇಜಿಗೆ ಹಾಕಿದರೆ ಏರ್‌ಪೋರ್ಟ್‌ನಲ್ಲಿ ಹೆಸರು ಕೂಗಿ ಕರೆಯುತ್ತಾರೆ. ಎಸಿ ರೂಮಿಂದ ಕ್ಯಾಮೆರಾ ನೇರ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕೂರುತ್ತೆ, ಬ್ಯಾಗ್‌ನಲ್ಲೇ ಇಟ್ಟು ಅರ್ಧ ಗಂಟೆ ಮೊದಲು ಹೊರಗೆ ಇಡಬೇಕು. ಬಿಸಿಲಿಗೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಮೈಕ್‌ಗೆ ತುಪ್ಪಳದ ಟೋಪಿ ಹಾಕದಿದ್ದರೆ ಗಾಳಿ ಬಿಟ್ಟು ಇನ್ನೇನೂ ಕೇಳಲ್ಲ. ಮೆಮೊರಿ ಕಾರ್ಡ್‌ಗಳಲ್ಲಿ ಇರೋದನ್ನು ಅವತ್ತು ರಾತ್ರಿಯೇ ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಬರುವಾಗ ಒಂದು ನಿಮ್ಮ ಹತ್ತಿರ, ಒಂದು ಮದುಮಗನ ಹತ್ತಿರ. ಮತ್ತೆ ಹವಳದ ತುಂಡು ಚೆನ್ನಾಗಿದೆ, ಕ್ಲೋಸಪ್‌ಗೆ ಉಂಗುರ ಇಡೋಣ ಅಂತ ಜೇಬಿಗೆ ಹಾಕಿಕೊಂಡು ಬರಬೇಡಿ. ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಅಷ್ಟು ದೂರ ಆಗಲ್ಲ ಅನ್ನುವವರಿಗೆ ಮಲ್ಪೆ ಹತ್ತಿರ ಸೇಂಟ್ ಮೇರೀಸ್ ದ್ವೀಪ ಇದೆ. ಲಾವಾ ಆರಿ ಕಂಬ ಕಂಬವಾಗಿ ನಿಂತ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಆ ಕಪ್ಪು ಕಲ್ಲಿನ ಮುಂದೆ ಕೆಂಪು ಸೀರೆ ಎಷ್ಟು ಎದ್ದು ಕಾಣುತ್ತೆ ಅಂದರೆ ಬೇರೆ ಏನೂ ಬೇಡ. ಆದರೆ ಮಳೆಗಾಲದಲ್ಲಿ ದೋಣಿ ಬಿಡಲ್ಲ, ತಂಗುವಂತಿಲ್ಲ, ಸಂಜೆ ಕೊನೆಯ ದೋಣಿಗೆ ವಾಪಸ್ ಬರಲೇಬೇಕು. ಹಾಗಾಗಿ ಸೂರ್ಯಾಸ್ತವನ್ನು ಮಲ್ಪೆ ಬೀಚ್‌ಗೆ ಇಟ್ಟುಕೊಳ್ಳಿ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಇಂಥ ಜಾಗದ ಫೋಟೋ ಹಾಕುವಾಗ ಕೆಳಗೆ ಹೋಟೆಲ್ ಹೆಸರಿನ ಜೊತೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತನ್ನೂ ಹಾಕಿ. ಪಂಚಾಂಗ ದಿನಾ ಛಾಪಿಸುತ್ತೀರಿ, ಇದಕ್ಕೆ ಎರಡು ಸಾಲು ಜಾಗ ಸಿಗುತ್ತೆ ಅಲ್ವಾ?

ಬರುವ ಫೆಬ್ರವರಿಗೆ ಇನ್ನೊಂದು ಜೋಡಿ ಬುಕ್ ಮಾಡಿದೆ. ಧಾರೆ ಇಲ್ಲೇ ಚೌಟ್ರಿಯಲ್ಲಿ, ಓಲಗದವರಿಗೆ ಅಡ್ವಾನ್ಸ್ ನಾನೇ ಕೊಡಿಸಿದೆ. ಮದುವೆ ಆಗಿ ಹತ್ತು ದಿನಕ್ಕೆ ನಾವು ನಾಲ್ಕು ಜನ ಸ್ವರಾಜ್ ದ್ವೀಪಕ್ಕೆ. ಅಂಗಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ತಾರೀಕಿನ ಮೇಲೆ ಕೆಂಪು ಪೆನ್ನಲ್ಲಿ ಬರೆದಿಟ್ಟಿದ್ದೇನೆ: ಸೂರ್ಯಾಸ್ತ 5.25, ಮೂರೂವರೆಗೆ ಬೀಚ್‌ನಲ್ಲಿರಬೇಕು.

— ಒಬ್ಬ ಮದುವೆ ವಿಡಿಯೋದವನು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ