ಮನೆಗೆ ಬಾರದೇ ಇದ್ದವರಿಗೆ ಮೊದಲ ಥ್ಯಾಂಕ್ಸ್

ಮೊನ್ನೆ ಏಪ್ರಿಲ್ 10ಕ್ಕೆ ನಮ್ಮ ಮಗ ಒಂದನೇ ತರಗತಿ ಮುಗಿಸಿದ. ಈ ವರ್ಷ ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಮಲಗಲಿಲ್ಲ. ಎರಡು ವರ್ಷದವನಿದ್ದಾಗ ಮೂರು ಸಲ ನ್ಯುಮೋನಿಯಾ ಆಗಿ ಅಡ್ಮಿಟ್ ಆದ ಹುಡುಗ ಇವನು. ಹಾಗಾಗಿ ಅಂಕೋಲೆಯ ನಮ್ಮ ಕೇರಿಯವರಿಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ಮೊದಲ ಥ್ಯಾಂಕ್ಸ್ ನಮ್ಮ ಮನೆಗೆ ಬಾರದೇ ಇದ್ದವರಿಗೆ. ತಮಾಷೆ ಅಲ್ಲ. ಮಗುವಿಗೆ ಹುಷಾರಿಲ್ಲ ಅಂದರೆ ಎಳನೀರು, ಬಿಸ್ಕೀಟು ಹಿಡಿದು ಬಂದು ನೋಡಿ ಹೋಗುವುದು ನಮ್ಮಲ್ಲಿ ರೂಢಿ. ಬರದಿದ್ದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇರೆ. ಅಂಥದ್ದರಲ್ಲಿ "ನಂಗೆ ಸ್ವಲ್ಪ ಶೀತ, ಒಳಗೆ ಬರೂದಿಲ್ಲ" ಎಂದು ಮಾವಿನಹಣ್ಣಿನ ಚೀಲವನ್ನು ಜಗಲಿ ಮೇಲಿಟ್ಟು ಹೋದಿರಿ. ಅದೂ ಕರಿ ಇಶಾಡು! ಬಂಡಿಹಬ್ಬಕ್ಕೆ ಮಗುವನ್ನು ಯಾಕೆ ಕರೆತರಲಿಲ್ಲ ಎಂದು ಯಾರೂ ಕೆದಕಲಿಲ್ಲ.

ಅವನಿಗಿರುವುದು ಹುಟ್ಟಿನಿಂದ ಬಂದ ತೊಂದರೆ. ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ತಯಾರಿಸಬೇಕಾದ ಬಿ ಕಣ ಎಂಬ ಬಿಳಿ ರಕ್ತಕಣಗಳು ಅವನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಆರು ತಿಂಗಳು ನನ್ನ ಹೊಟ್ಟೆಯಿಂದಲೇ ತಂದ ಪ್ರತಿಕಾಯ ಅವನನ್ನು ಕಾಯ್ದಿತ್ತು. ಆಮೇಲೆ ಕಿವಿ ಸೋರುವುದು, ಕಫ, ಜ್ವರ. ಮಕ್ಕಳಿಗೆ ಶೀತ ಆಗೋದೇ ಅನ್ನುತ್ತಾ ಸುಮಾರು ದಿನ ಬರೀ ಸಿರಪ್ ಬದಲಾಯಿಸಿದ್ದಾಯಿತು. ಕೊನೆಗೆ ಮಣಿಪಾಲದ ಡಾಕ್ಟರೊಬ್ಬರು ಬಾಯಿ ತೆರೆಸಿ ನೋಡಿ, "ಇವನ ಟಾನ್ಸಿಲ್ ಎಲ್ಲಮ್ಮಾ?" ಎಂದರು. ಬಿ ಕಣ ಇಲ್ಲದಿದ್ದರೆ ಟಾನ್ಸಿಲ್ ಸರಿಯಾಗಿ ಬೆಳೆಯುವುದೇ ಇಲ್ಲವಂತೆ. ಅಲ್ಲಿಂದ ಎಳೆ ಸಿಕ್ಕಿತು. ಈ ದೋಷ ನನ್ನಿಂದ ದಾಟಿದ್ದು ಎಂದು ಪರೀಕ್ಷೆಯಲ್ಲಿ ಗೊತ್ತಾದ ದಿನ ನಾನು ಊಟ ಮಾಡಲಿಲ್ಲ. ಅತ್ತೆ ಬಟ್ಟಲು ತಂದು ಎದುರಿಗಿಟ್ಟು, "ಔಷಧಿ ಅದೆಯಲ್ಲ, ಗಂಜಿ ಉಣ್ಣು" ಎಂದರು. ಅಷ್ಟೇ. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ಆ ಔಷಧಿ ಅಂದರೆ ಇಮ್ಯುನೊಗ್ಲೋಬ್ಯುಲಿನ್, ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯ. ಕಿಲೋ ತೂಕಕ್ಕೆ ಸುಮಾರು ಅರ್ಧ ಗ್ರಾಂ ಲೆಕ್ಕದಲ್ಲಿ, ನಾಲ್ಕು ವಾರಕ್ಕೊಮ್ಮೆ, ನಿಧಾನವಾಗಿ ಡ್ರಿಪ್‌ನಲ್ಲಿ ಹೋಗುತ್ತದೆ. ಬೇಗ ಬಿಟ್ಟರೆ ತಲೆನೋವು, ಚಳಿ. ಒಂದು ತಯಾರಿಕೆಗೆ ಸಾವಿರಕ್ಕೂ ಜಾಸ್ತಿ ಜನರ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ದ್ರವ, ಸೇರಿಸುತ್ತಾರಂತೆ. ರಕ್ತ, ಪ್ಲಾಸ್ಮಾ ಕೊಟ್ಟ ಆ ಅಷ್ಟೂ ಜನರಿಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ? ಅವರಿಗೆ ಬಂದು ಹೋದ ಶೀತ, ಜ್ವರ, ಹಾಕಿಸಿಕೊಂಡ ಲಸಿಕೆಯ ನೆನಪೆಲ್ಲ ಈಗ ನನ್ನ ಮಗನ ಮೈಯಲ್ಲಿ ಓಡಾಡುತ್ತಿದೆ.

2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬಂದಾಯಿತು. ಅದೇ ವಾರ ಡ್ರಿಪ್ಪಿನ ದಿನ. ಕೇರಿಯ ಆಟೋದವರು ಸುರಿಯುವ ಮಳೆಯಲ್ಲೇ ಕಾರವಾರದ ರೈಲ್ವೆ ಸ್ಟೇಶನ್ನಿಗೆ ಬಿಟ್ಟರು. ಪೆಟ್ರೋಲಿನಷ್ಟೇ ದುಡ್ಡು ತೆಗೆದುಕೊಂಡರು.

ನಮ್ಮ ಆಶಾ ಕಾರ್ಯಕರ್ತೆ ಅಕ್ಕನನ್ನು ಮರೆಯುವ ಹಾಗಿಲ್ಲ. ಪೋಲಿಯೊ ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ, ಇವನಿಗೂ ಬೇಡ, ಒಂದೇ ಮನೆಯಲ್ಲಿರುವ ತಂಗಿಗೂ ಬೇಡ, ಅವಳಿಗೆ ಇಂಜೆಕ್ಷನ್ ಸಾಕು ಎಂದು ಡಾಕ್ಟರು ಚೀಟಿ ಕೊಟ್ಟಿದ್ದರು. ಅಕ್ಕ ಒಮ್ಮೆ ಓದಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಪ್ರತಿ ಸಲ ವಿವರಿಸುವ ಕಷ್ಟ ತಪ್ಪಿತು. ಶಾಲೆಯ ಅಕ್ಕೋರು ಅವನನ್ನು ಕಿಟಕಿ ಪಕ್ಕ ಕೂರಿಸಿದರು. ಯಾವ ಮಗುವಿಗೆ ಚಿಕನ್‌ಪಾಕ್ಸ್, ದಡಾರ ಬಂದರೂ ಅವತ್ತೇ ಫೋನ್ ಮಾಡುತ್ತೇನೆ ಎಂದಿದ್ದರು. ಒಮ್ಮೆ ರಾತ್ರಿ ಒಂಬತ್ತಕ್ಕೆ ಮಾಡಿಯೂ ಮಾಡಿದರು.

ಮಾವಿನ ಕಾಲ ಬಂತು. ಈ ಸಲ ಚೀಲ ಜಗಲಿಯಲ್ಲಿಟ್ಟು ಹೋಗಬೇಡಿ. ಶೀತ ಇಲ್ಲದಿದ್ದರೆ ಒಳಗೆ ಬನ್ನಿ. ಸೋಪು, ನೀರು ಬಾಗಿಲ ಹತ್ತಿರವೇ ಇದೆ.